ನಡೆಯುವುದು ಎಲ್ಲಿ, ಉಣ್ಣುವುದು ಏನು?

ನವೆಂಬರ್ 14 ಬಂದರೆ ನಮ್ಮೂರ ಶಾಲೆಯಲ್ಲಿ ಒಂದೇ ದಿನ ಎರಡು ಕಾರ್ಯಕ್ರಮ. ಬೆಳಿಗ್ಗೆ ಮಕ್ಕಳ ದಿನಾಚರಣೆ, ಹತ್ತೂವರೆಗೆ ಉಚಿತ ಸಕ್ಕರೆ ಕಾಯಿಲೆ ತಪಾಸಣಾ ಶಿಬಿರ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವಾದ್ದರಿಂದ 1991ರಿಂದ ಅದು ವಿಶ್ವ ಮಧುಮೇಹ ದಿನವೂ ಹೌದು. ಮಕ್ಕಳಿಗೆ ಚಾಕಲೇಟು, ದೊಡ್ಡವರ ಬೆರಳಿಗೆ ಸೂಜಿ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಶಿಬಿರದ ಸಾಲಿನಲ್ಲಿ ನಾನೂ ನಿಂತಿದ್ದೆ. ನನ್ನ ಮುಂದೆ ನಮ್ಮ ಓಣಿಯ ಒಬ್ಬ ಅಕ್ಕ. ಬೀಡಿ ಕಟ್ಟುವ ಹೆಂಗಸು. ಹನ್ನೆರಡರ ವಯಸ್ಸಿನಲ್ಲಿ ಗೆರಸೆ ಮಡಿಲಿಗೇರಿಸಿದವಳು, ಐವತ್ತು ದಾಟಿದರೂ ಇಳಿಸಿರಲಿಲ್ಲ. ಯಂತ್ರದಲ್ಲಿ 286 ಎಂದು ಬಂತು. ಮೇಜಿನ ಹಿಂದೆ ಕುಳಿತಿದ್ದ ಎಳೆಯ ವೈದ್ಯರು ಕೆಟ್ಟವರೇನಲ್ಲ, ಆದರೆ ಅವರೆದುರು ಇನ್ನೂ ನೂರು ಜನರಿದ್ದರು. ಬಣ್ಣದ ಕರಪತ್ರವೊಂದನ್ನು ಅವಳ ಕೈಗಿಟ್ಟು, ಅದರಲ್ಲಿದ್ದುದನ್ನೇ ಬಾಯಲ್ಲೂ ಹೇಳಿದರು: ಅನ್ನ ಕಡಿಮೆ ಮಾಡಿ, ದಿನಕ್ಕೆ ಅರ್ಧ ಗಂಟೆ ನಡೆಯಿರಿ, ಹಣ್ಣು ತರಕಾರಿ ಹೆಚ್ಚು ತಿನ್ನಿ, ಚಿಂತೆ ಬಿಡಿ.

ಆ ಅಕ್ಕ ಕರಪತ್ರವನ್ನು ಮಡಚಿ ಸೆರಗಿಗೆ ಸಿಕ್ಕಿಸುತ್ತಾ ಕೇಳಿದಳು: "ನಡೆಯುವುದು ಎಲ್ಲಿ ಡಾಕ್ಟ್ರೇ?"

ಸಾಲಿನಲ್ಲಿದ್ದವರು ನಕ್ಕರು. ವೈದ್ಯರೂ ನಕ್ಕರು. ನಾನೂ ನಕ್ಕೆನೆಂದು ನೆನಪು. ಆಮೇಲೆ ಎಲ್ಲರಿಗೂ ಸಂಘಟಕರ ಕಡೆಯಿಂದ ಸಕ್ಕರೆ ಹಾಕಿದ ಚಹಾ, ಜೊತೆಗೆ ಗೋಳಿಬಜೆ.

ಆ ನಗುವಿನ ವಿರುದ್ಧ ಈ ಬರಹ. ಅವಳು ಹಾಸ್ಯ ಮಾಡಿರಲಿಲ್ಲ. ಆ ಇಡೀ ಸಭಾಂಗಣದಲ್ಲಿ ಆ ದಿನ ವೈದ್ಯಕೀಯವಾದ ಪ್ರಶ್ನೆಯೊಂದನ್ನು ಕೇಳಿದವಳು ಅವಳೊಬ್ಬಳೇ. ಅದಕ್ಕೆ ಉತ್ತರವಿಲ್ಲದ್ದರಿಂದ ನಾವು ನಕ್ಕೆವು.

ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ಪಥ್ಯ ಮತ್ತು ವ್ಯಾಯಾಮದಿಂದ ಸಕ್ಕರೆ ಹತೋಟಿಗೆ ಬರುತ್ತದೆಯೇ ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಬರುತ್ತದೆ. ನನ್ನ ತಕರಾರು ಬೇರೆ. ಮಾತ್ರೆಯನ್ನು ನಾವು ಮದ್ದು ಎಂದು ಕೊಡುತ್ತೇವೆ, ಪಥ್ಯ ಮತ್ತು ನಡಿಗೆಯನ್ನು ಉಪದೇಶವೆಂದು ಕೊಡುತ್ತೇವೆ. ಮಾತ್ರೆಗೆ ಅಳತೆ ಉಂಟು, ವೇಳೆ ಉಂಟು, ಕೊಡುವವರು ಉಂಟು, ಸಿಗದಿದ್ದರೆ ಕೇಳುವ ಹಕ್ಕು ಉಂಟು. ಉಪದೇಶಕ್ಕೆ ಇವು ಯಾವುವೂ ಇಲ್ಲ. ಫಲಿಸದಿದ್ದರೆ ತಪ್ಪು ಕೇಳಿಸಿಕೊಂಡವನದ್ದು. ಈ ಅನ್ಯಾಯದ ಲೆಕ್ಕವನ್ನು ಈಗ ಒಂದೊಂದಾಗಿ ನೋಡೋಣ.

ಕಾಯಿಲೆಯ ಗಾತ್ರ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೊಟ್ಟೆಯ ಬೊಜ್ಜು ಇರುವವರು ನೂರಕ್ಕೆ ಸುಮಾರು 40. ಇಷ್ಟು ಕೋಟಿ ಜನರೆಲ್ಲ ಒಂದೇ ತಲೆಮಾರಿನಲ್ಲಿ ಒಟ್ಟಿಗೆ ಸೋಮಾರಿಗಳೂ ಹೊಟ್ಟೆಬಾಕರೂ ಆಗಿಬಿಟ್ಟರು ಎಂದು ನಂಬುವವರಿದ್ದರೆ ಅವರೊಂದಿಗೆ ವಾದಿಸಿ ಫಲವಿಲ್ಲ. ಆದರೆ ನಮ್ಮ ನಡುವೆ ಚಾಲ್ತಿಯಲ್ಲಿರುವ ಮಾತು ಅದೇ ತಾನೆ? "ತಿಂದು ತಿಂದು ಬಂದದ್ದು." ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಇದನ್ನು ಕೇಳದವರಿಲ್ಲ.

ತಿಂದು ಬಂದದ್ದು ಎನ್ನುವವರು ಮೈಸೂರಿಗೆ ಹೋಗಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸಿಗೆ ಬಂದಾಗ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗಲೇ ಉದ್ದ ಕಡಿಮೆ, ಮೈ ದಪ್ಪ ಇದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತ್ತೆಂದು 1998ರಲ್ಲಿ ವರದಿಯಾಯಿತು. ಅದೇ ಆಸ್ಪತ್ರೆಯಲ್ಲಿ 1997ರ ನಂತರ ಬಸುರಿಯರ ಮೇಲೆ ನಡೆದ ಇನ್ನೊಂದು ಅಧ್ಯಯನವು ತಾಯಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದರೆ ಮಗುವಿನ ಮೈಯಲ್ಲಿ ಕೊಬ್ಬು ಕೂಡುವುದನ್ನು ತೋರಿಸಿತು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಗೆಳೆಯ ಯುಡ್ಕಿನ್ ಜೊತೆಯಾಗಿ ನಿಂತ ಚಿತ್ರವೊಂದು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರದ್ದೂ ಒಂದೇ, 22.3. ಆದರೆ ಮೈಯ ಕೊಬ್ಬು ಯುಡ್ಕಿನ್‌ರದ್ದು ಶೇ. 9.1, ಯಾಜ್ಞಿಕ್‌ರದ್ದು ಶೇ. 21.2. ಕಾಣಲು ಸಣಕಲು, ಒಳಗೆ ಕೊಬ್ಬು. ನಮ್ಮ ಜನರ ಮೈಕಟ್ಟು ಹೀಗೆ. ತಲೆಮಾರುಗಟ್ಟಲೆ ಅರೆಹೊಟ್ಟೆಯಲ್ಲಿ ಹೆತ್ತ ತಾಯಂದಿರ ಮಕ್ಕಳಿಗೆ ಸ್ವಲ್ಪ ಹೊಟ್ಟೆ ತುಂಬಿದ ಕೂಡಲೇ ಈ ಕಾಯಿಲೆ ಎದುರಾಗುತ್ತದೆ. ಹಸಿವಿನ ಸಾಲವನ್ನು ಹೀಗೆ ತೀರಿಸುತ್ತಿರುವವರನ್ನು ತಿಂದವರು ಎಂದು ಜರೆಯುವುದು ಕ್ರೌರ್ಯ.

ಇನ್ನು ಪಥ್ಯ, ನಡಿಗೆ ಎಷ್ಟು ಕೆಲಸ ಮಾಡುತ್ತವೆ? ಅಮೆರಿಕದಲ್ಲಿ ಹೊಸ್ತಿಲಲ್ಲಿದ್ದ 3234 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು, ಇಷ್ಟೇ ಗುರಿ. ಕಾಯಿಲೆಗೆ ಬೀಳುವವರ ಪ್ರಮಾಣ ಶೇ. 58ರಷ್ಟು ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಇಳಿದದ್ದು ಶೇ. 31. ಹಾಗಾದರೆ ಮಾತ್ರೆಗಿಂತ ನಡಿಗೆಯೇ ಗಟ್ಟಿ ಎಂದಾಯಿತು. ಈ ಅಂಕಿಯನ್ನು ನಮ್ಮ ಭಾಷಣಕಾರರು ಬಾಯಿಪಾಠ ಮಾಡಿದ್ದಾರೆ. ಆದರೆ ಆ ಜನರಿಗೆ ಕೊಟ್ಟದ್ದು ಕರಪತ್ರವಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕನಿದ್ದ. ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು 16 ಪಾಠ. ಅದಾದ ಮೇಲೂ ತಿಂಗಳು ತಿಂಗಳು ಭೇಟಿ. ಆ ಶೇ. 58 ಹುಟ್ಟಿದ್ದು ಅಲ್ಲಿ. ಜೊತೆಗೆ ನಿಂತ ಮನುಷ್ಯನನ್ನು ತೆಗೆದುಹಾಕಿ ಫಲಿತಾಂಶವನ್ನು ಮಾತ್ರ ಎತ್ತಿಕೊಂಡು ಬಂದು ಬಡವರಿಗೆ ಹಂಚಿದರೆ ಅದು ವಿಜ್ಞಾನವೂ ಅಲ್ಲ, ದಾನವೂ ಅಲ್ಲ.

ನಮ್ಮ ದೇಶದಲ್ಲೂ ಪ್ರಯೋಗ ನಡೆದಿದೆ. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಥ್ಯ ಮತ್ತು ನಡಿಗೆಯಿಂದ ಅಪಾಯ ಶೇ. 28.5ರಷ್ಟು ಇಳಿದಿತ್ತು. ಅಲ್ಲಿಯೂ ಆಗಾಗ ಫೋನ್ ಮಾಡಿ ವಿಚಾರಿಸುವವರಿದ್ದರು. ಆ 531 ಜನರಲ್ಲಿ ಗಂಡಸರು 421, ಹೆಂಗಸರು 110. ಮೊಬೈಲಿಗೆ ಸಂದೇಶ ಕಳಿಸಿ ನೆನಪಿಸಿದರೆ ಸಾಕೇ ಎಂದು ನೋಡಿದ ಇನ್ನೊಂದು ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಸಂದೇಶ ಸಿಕ್ಕವರಲ್ಲಿ ಎರಡು ವರ್ಷಕ್ಕೆ ಶೇ. 18, ಸಿಗದವರಲ್ಲಿ ಶೇ. 27 ಜನ ಕಾಯಿಲೆಗೆ ಬಿದ್ದರು. ಬೆಲೆಬಾಳುವ ಅಧ್ಯಯನ, ಸಂಶಯವಿಲ್ಲ. ಅದರಲ್ಲಿದ್ದ 537 ಜನರೂ ಗಂಡಸರು. ಸಂಶೋಧಕರಿಗೆ ಅವರದ್ದೇ ಕಾರಣಗಳಿರಬಹುದು. ಆದರೆ ಆ ಅಂಕಿಗಳನ್ನು ಬೀಡಿ ಕಟ್ಟುವ ಹೆಂಗಸಿನ ಮುಂದೆ ಹಿಡಿಯುವಾಗ ನಮಗೆ ಸ್ವಲ್ಪವಾದರೂ ಸಂಕೋಚ ಬೇಡವೇ?

ಅವಳ ದಿನವನ್ನು ನೋಡಿ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಸಾವಿರ ಕಟ್ಟಲು ಎಂಟು ಹತ್ತು ಗಂಟೆ ಬೇಕು. ಬೆನ್ನು ಬಾಗಿಸಿ, ಕಾಲು ಮಡಚಿ, ಕತ್ತರಿ, ಎಲೆ, ಹೊಗೆಸೊಪ್ಪು, ನೂಲು. ಓಡಾಡುವುದು ಕೈಬೆರಳು ಮಾತ್ರ. ನಮ್ಮ ಮೈ ರಕ್ತದ ಸಕ್ಕರೆಯನ್ನು ಮುಖ್ಯವಾಗಿ ಖರ್ಚು ಮಾಡುವುದು ತೊಡೆ, ಮೀನಖಂಡ, ಬೆನ್ನಿನಂಥ ದೊಡ್ಡ ಸ್ನಾಯುಗಳಲ್ಲಿ. ಅವು ದುಡಿದರೆ ಇನ್ಸುಲಿನ್ ಸೊರಗಿದ್ದರೂ ಸಕ್ಕರೆ ಒಳಗೆ ಹೋಗುತ್ತದೆ. ಅವು ಇಡೀ ದಿನ ಮಲಗಿದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅಂದರೆ ದಿನಕ್ಕೆ ಹತ್ತು ಗಂಟೆ ದುಡಿದು ಸುಸ್ತಾಗುವ ಈ ಹೆಂಗಸು ವೈದ್ಯಶಾಸ್ತ್ರದ ಲೆಕ್ಕದಲ್ಲಿ ಕುಳಿತೇ ಇರುವವಳು. ಅವಳಿಗೆ ಅರ್ಧ ಗಂಟೆ ನಡಿಗೆ ಎಂದರೆ ಐವತ್ತು ಬೀಡಿ ನಷ್ಟ. ಸಂಜೆ ಬ್ರಾಂಚಿಗೆ ಕೊಡುವಾಗ ಆ ಐವತ್ತನ್ನು ಯಾವ ಶಿಬಿರದವರೂ ತುಂಬಿಕೊಡುವುದಿಲ್ಲ.

ಕೂಲಿ ಬಿಟ್ಟು ಎದ್ದಳೆಂದೇ ಇಟ್ಟುಕೊಳ್ಳಿ. ಎಲ್ಲಿ ನಡೆಯಬೇಕು? ಹೆದ್ದಾರಿ ಅಗಲವಾಗಿದೆ, ಕಾಲುದಾರಿ ಕರಗಿದೆ. ಮೈದಾನದಲ್ಲಿ ಕ್ರಿಕೆಟ್. ಪೇಟೆಯ ಪಾರ್ಕು ಎರಡು ಬಸ್ಸಿನ ದೂರ. ಮುಂಜಾನೆ ನೀರು, ಒಲೆ, ಶಾಲೆಗೆ ಹೋಗುವ ಮಕ್ಕಳು. ಕತ್ತಲಾದ ಮೇಲೆ ನಾಯಿ ಮತ್ತು ಮಾತು. ನಾಯಿಗಿಂತ ಮಾತಿನ ಭಯ ಹೆಚ್ಚು. ಬುರ್ಖಾ ತೊಟ್ಟು ಬಿರುಸಾಗಿ ನಡೆದರೆ ಒಂದು ಮಾತು, ಸೀರೆಯುಟ್ಟು ನಡೆದರೆ ಇನ್ನೊಂದು. ಕೆಲಸವಿಲ್ಲದೆ ರಸ್ತೆಯಲ್ಲಿ ನಡೆಯುವ ಹೆಂಗಸು ನಮ್ಮ ಊರುಗಳಿಗೆ ಇನ್ನೂ ಅರ್ಥವಾಗಿಲ್ಲ. ಇದರಲ್ಲಿ ಜಾತಿಮತಗಳ ಭೇದವೇನೂ ಕಾಣಲಿಲ್ಲ. ತಮ್ಮ ಸೊಸೆ ಹೊರಗೆ ನಡೆಯುವುದು ಬೇಡ ಎನ್ನುವ ಹಿರಿಯರು ಎಲ್ಲ ಮನೆಗಳಲ್ಲೂ ಇದ್ದಾರೆ, ಮತ್ತು ಅವರಲ್ಲಿ ಹಲವರು ಸ್ವತಃ ಬೆಳಗಿನ ವಾಕಿಂಗ್ ಮಾಡುವವರು! ಭಾರತೀಯರ ದೈಹಿಕ ಚಟುವಟಿಕೆಯ ಬಗ್ಗೆ ಅದೇ ಸಂಶೋಧನಾ ಮಂಡಳಿಯ ಸಮೀಕ್ಷೆ ನಾಲ್ಕು ಪ್ರದೇಶಗಳಿಂದ 2014ರಲ್ಲಿ ವರದಿ ಮಾಡಿತ್ತು. ಅರ್ಧಕ್ಕಿಂತ ಹೆಚ್ಚು ಜನ ಚಟುವಟಿಕೆ ಸಾಲದವರು, ಬಿಡುವಿನ ವ್ಯಾಯಾಮ ಮಾಡುವವರು ನೂರಕ್ಕೆ ಹತ್ತೂ ಇಲ್ಲ, ಹೆಂಗಸರು ಗಂಡಸರಿಗಿಂತ ಹಿಂದೆ. ಬಿಡುವೇ ಇಲ್ಲದವರಿಗೆ ಬಿಡುವಿನ ವ್ಯಾಯಾಮ ಎಲ್ಲಿಂದ ಬರಬೇಕು?

ಇನ್ನು ಊಟಕ್ಕೆ ಬರೋಣ. ಅನ್ನ ಕಡಿಮೆ ಮಾಡಿ ಎಂಬ ಮಾತು ಸರಿ. ನಮ್ಮ ದೇಶದವರು ತಿನ್ನುವ ಶಕ್ತಿಯಲ್ಲಿ ಶೇ. 62 ಬರುವುದು ಪಿಷ್ಟ ಮತ್ತು ಸಕ್ಕರೆಗಳಿಂದ ಎಂದು 2025ರಲ್ಲಿ ಪ್ರಕಟವಾದ ಅದೇ ಮಂಡಳಿಯ ಅಧ್ಯಯನ ಹೇಳಿದೆ. ಅದರಲ್ಲಿ ಇನ್ನೊಂದು ಮಾತಿದೆ, ನಮ್ಮ ಸಿರಿಧಾನ್ಯದ ಭಕ್ತರು ಗಮನಿಸಬೇಕಾದದ್ದು. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದಷ್ಟರಿಂದಲೇ ಅಪಾಯ ಇಳಿದದ್ದು ಕಾಣಲಿಲ್ಲ. ಪಿಷ್ಟದ ಒಟ್ಟು ಪಾಲನ್ನು ಸ್ವಲ್ಪ ತಗ್ಗಿಸಿ ಆ ಜಾಗಕ್ಕೆ ಬೇಳೆಕಾಳು, ಹಾಲು, ಮೊಟ್ಟೆ, ಮೀನಿನಂಥವುಗಳ ಪ್ರೊಟೀನ್ ಬಂದಾಗ ಅಪಾಯ ಇಳಿದದ್ದು ಕಂಡಿತು. ಅನ್ನ ಬಿಟ್ಟು ನಾಲ್ಕು ರಾಗಿ ಮುದ್ದೆ ಉಂಡರೆ ಸಕ್ಕರೆ ಇಳಿಯದು. ರಾಗಿ ಒಳ್ಳೆಯದು, ಅದರಲ್ಲಿ ಸುಣ್ಣದಂಶವೂ ನಾರೂ ಇವೆ. ಆದರೆ ಅದು ಕೂಡ ಪಿಷ್ಟವೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಪೇಟೆಯ ಅಂಗಡಿಗಳಲ್ಲಿ ಸಿರಿಧಾನ್ಯದ ಬಿಸ್ಕತ್ತು, ಸಿರಿಧಾನ್ಯದ ಲಾಡು ಎಲ್ಲ ಬಂದವು. ಲಾಡು ಯಾವುದರದ್ದಾದರೂ ಲಾಡುವೇ.

ಹಾಗಾದರೆ ಆ ಅಕ್ಕನ ತಟ್ಟೆಯಲ್ಲಿ ಏನಿರಬೇಕು? ಅವಳಿಗೆ ಓಟ್ಸ್, ಆಲಿವ್ ಎಣ್ಣೆಯ ಪಾಠ ಬೇಡ. ಕರಾವಳಿಯ ಅಡುಗೆ ಮನೆಯಲ್ಲೇ ಬೇಕಾದ್ದೆಲ್ಲ ಇದೆ. ಅಳೆದು ಹಾಕಿದ ಕುಚ್ಚಲಕ್ಕಿ ಅನ್ನ, ಗಂಜಿ ಮಾಡಿ ಬಟ್ಟಲುಗಟ್ಟಲೆ ಕುಡಿಯುವ ಬದಲು. ಬೂತಾಯಿ ಅಥವಾ ಬಂಗುಡೆಯ ಸಾರು, ಹುರಿದ ಮೀನು ವಾರಕ್ಕೊಮ್ಮೆ ಸಾಕು. ಮೀನಿಲ್ಲದ ಮನೆಯಲ್ಲಿ ಹುರುಳಿ, ಹೆಸರು, ಅಲಸಂಡೆ. ಬಸಳೆ, ತೊಂಡೆ, ಹೀರೆ, ನುಗ್ಗೆಸೊಪ್ಪು ಅನ್ನಕ್ಕಿಂತ ಹೆಚ್ಚು ಜಾಗ ಹಿಡಿಯಲಿ. ಪಲ್ಯ ಮತ್ತು ಕಾಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿದರೂ ಗುಣವಿದೆ. ಅರ್ಧ ಗಂಟೆಗೊಮ್ಮೆ ಗೆರಸೆ ಕೆಳಗಿಟ್ಟು ಎರಡು ನಿಮಿಷ ಎದ್ದು ನಿಂತರೆ, ಗೋಡೆ ಹಿಡಿದು ಹತ್ತು ಸಲ ಕುಳಿತೆದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಆರು ಸಲದ ಸಕ್ಕರೆ ಚಹಾ ಮಾತ್ರ ಹೋಗಲೇಬೇಕು. ಬೆಲ್ಲ ಹಾಕಿದರೂ ಅದು ಸಕ್ಕರೆಯೇ. ಇಷ್ಟನ್ನು ಒಬ್ಬರು ಅವಳೆದುರು ಕುಳಿತು, ಅವಳ ಅಡುಗೆ ಮನೆಯ ಪಾತ್ರೆಯ ಅಳತೆಯಲ್ಲಿ ಹೇಳಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ನಮ್ಮ ವ್ಯವಸ್ಥೆ ಅವಳಿಗೆ ಕೊಟ್ಟಿಲ್ಲ.

ದುಡ್ಡಿನ ಮಾತೂ ಇದೆ. ಅನ್ನಭಾಗ್ಯ 2013ರಲ್ಲಿ ಬಂದಾಗ ಹೊಟ್ಟೆ ತುಂಬಿದವರು ಅದನ್ನು ಹೀಗಳೆದರು. ನಾನು ಆ ಸಾಲಿಗೆ ಸೇರುವವನಲ್ಲ. ಹಸಿದವನಿಗೆ ಅಕ್ಕಿ ಕೊಟ್ಟ ಸರ್ಕಾರ ತಪ್ಪು ಮಾಡಲಿಲ್ಲ. ಆದರೆ ಅಕ್ಕಿಯೊಂದೇ ಅಗ್ಗವಾಗಿ, ಬೇಳೆ, ಮೊಟ್ಟೆ, ಮೀನು, ತರಕಾರಿ ತುಟ್ಟಿಯಾಗಿಯೇ ಉಳಿದರೆ ಬಡವರ ತಟ್ಟೆಯಲ್ಲಿ ಅನ್ನ ಬೆಳೆಯುತ್ತದೆ, ಉಳಿದದ್ದು ಕುಗ್ಗುತ್ತದೆ. ಹಾಗಿರುವಾಗ ಅನ್ನ ಕಡಿಮೆ ಮಾಡಿ ಎಂದರೆ ಹಸಿದಿರಿ ಎಂದಷ್ಟೇ ಅರ್ಥ. ಪಡಿತರದಲ್ಲಿ ಕಾಳುಬೇಳೆಗೂ ಅಕ್ಕಿಯಷ್ಟೇ ಖಾಯಂ ಸ್ಥಾನ ಸಿಗುವ ತನಕ ಆ ಕರಪತ್ರವನ್ನು ಬಡವರ ಕೈಗೆ ಕೊಡುವ ನೈತಿಕ ಹಕ್ಕು ಸರ್ಕಾರಕ್ಕಿಲ್ಲ.

ಸರ್ಕಾರವನ್ನು ಬೈದು ಮನೆಯನ್ನು ಬಿಟ್ಟರೆ ಅದು ಅಪ್ರಾಮಾಣಿಕತೆಯಾದೀತು. ಗಂಡನಿಗೆ ಸಕ್ಕರೆ ಬಂದ ಮನೆಯನ್ನೂ ಹೆಂಡತಿಗೆ ಸಕ್ಕರೆ ಬಂದ ಮನೆಯನ್ನೂ ನೋಡಿದ್ದೀರಾ? ಗಂಡನಿಗೆ ಬಂದರೆ ಇಡೀ ಅಡುಗೆ ಮನೆ ಬದಲಾಗುತ್ತದೆ. ರಾತ್ರಿ ಚಪಾತಿ, ಬೇರೆ ಪಲ್ಯ, ಚಹಾಕ್ಕೆ ಬೇರೆ ಪಾತ್ರೆ, ಮಾತ್ರೆಯ ಜೊತೆ ನೀರಿನ ಲೋಟವೂ ಕೈಗೆ. ಹೆಂಡತಿಗೆ ಬಂದರೆ? ಅವಳು ಎಲ್ಲರಿಗೂ ಬೇಕಾದ್ದನ್ನು ಬೇಯಿಸಿ, ಎಲ್ಲರೂ ಉಂಡ ಮೇಲೆ, ಪಾತ್ರೆಯ ತಳದಲ್ಲಿ ಉಳಿದ ಅನ್ನವನ್ನು ಚೆಲ್ಲಬಾರದೆಂದು ತಾನೇ ಉಣ್ಣುತ್ತಾಳೆ. ಮೀನಿನ ತುಂಡು ಮಕ್ಕಳ ತಟ್ಟೆಗೆ, ಸಾರಿನ ನೀರು ಅವಳ ತಟ್ಟೆಗೆ. ತನಗೊಬ್ಬಳಿಗೆ ಬೇರೆ ಅಡುಗೆ ಮಾಡಿಕೊಳ್ಳುವುದನ್ನು ಅವಳೇ ಸ್ವಾರ್ಥ ಎಂದು ತಿಳಿದಿದ್ದಾಳೆ, ಹಾಗೆ ತಿಳಿಯುವಂತೆ ನಾವು ಬೆಳೆಸಿದ್ದೇವೆ. ಸಕ್ಕರೆಯವರ ಊಟ ರೋಗಿಯ ಊಟವೇನೂ ಅಲ್ಲ. ಮನೆಮಂದಿಯೆಲ್ಲ ಉಣ್ಣಬೇಕಾದ ಊಟವೇ ಅದು. ಒಂದೇ ಒಲೆ, ಒಂದೇ ಪಥ್ಯ ಎಂದು ಮನೆಯವರೆಲ್ಲ ಒಪ್ಪಿದ ದಿನ ಅರ್ಧ ಚಿಕಿತ್ಸೆ ಮುಗಿದಂತೆ.

ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಗಳ ಮಾತು ಚುಟುಕಾಗಿ ಹೇಳುತ್ತೇನೆ. "ಒಂದು ದಿನ ತಿಂದರೆ ಏನಾಗುತ್ತದೆ?" ಎಂದು ಒತ್ತಾಯಿಸಿ ಬಡಿಸುವುದು ನಮ್ಮಲ್ಲಿ ಪ್ರೀತಿಯ ಗುರುತು. ಬಿರಿಯಾನಿಯ ಮೇಲೆ ಇನ್ನೊಂದು ಸೌಟು ಬಿರಿಯಾನಿ, ಹೋಳಿಗೆಯ ಮೇಲೆ ತುಪ್ಪ. ಬೇಡ ಎಂದವರ ಎಲೆಗೆ ಮತ್ತೆ ಬಡಿಸುವುದನ್ನು ನಿಲ್ಲಿಸೋಣ. ಉಪವಾಸದ ವಿಚಾರ ಇದಕ್ಕಿಂತ ಗಂಭೀರ. ರಂಜಾನ್ ಇರಲಿ, ಏಕಾದಶಿ ಇರಲಿ, ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನನ್ನೋ ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಅದರ ಸೂಚನೆ. ಆಗ ಕೂಡಲೇ ಸಕ್ಕರೆ ತಿನ್ನಬೇಕು, ಉಪವಾಸ ಬಿಡಬೇಕು. ಧರ್ಮ ಕಾಯಿಲೆಯವರಿಗೆ ವಿನಾಯಿತಿ ಕೊಟ್ಟಿದೆ. ವಿನಾಯಿತಿಯನ್ನು ಪಡೆದವರ ಬಗ್ಗೆ ಮಾತಾಡಿಕೊಳ್ಳುವ ನೆರೆಮನೆಯವರು ಮಾತ್ರ ಕೊಟ್ಟಿಲ್ಲ. ಉಪವಾಸ ಹಿಡಿಯಲೇಬೇಕೆನ್ನುವವರು ತಿಂಗಳು ಮೊದಲೇ ವೈದ್ಯರ ಬಳಿ ಹೋಗಿ ಮಾತ್ರೆಯ ಪ್ರಮಾಣ, ವೇಳೆ ಬದಲಿಸಿಕೊಳ್ಳಲಿ.

ಈಗ ಇನ್ನೊಂದು ಬದಿಯ ಶತ್ರುವಿನ ಕಡೆ ತಿರುಗಬೇಕು. ವೈದ್ಯರು ಉಪದೇಶ ಕೊಟ್ಟು ಕೈಬಿಟ್ಟ ಜಾಗಕ್ಕೆ ಬಂದು ಕುಳಿತವರು ಇವರು. "ತೊಂಬತ್ತು ದಿನದಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ನಾಶ, ಮಾತ್ರೆ ಎಸೆಯಿರಿ, ಇನ್ಸುಲಿನ್ ವಿಷ." ಬಸ್ ನಿಲ್ದಾಣದ ಗೋಡೆಯ ಮೇಲೆ ಇದ್ದವರು ಈಗ ಮೊಬೈಲಿನೊಳಗೆ ಬಂದಿದ್ದಾರೆ. ಇವರ ಭಾಷೆಯೂ ಪಥ್ಯ, ವ್ಯಾಯಾಮದ್ದೇ. ಇಂಥ ಕಾಯಿಲೆ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಅದರ ಪಟ್ಟಿಯಲ್ಲಿ ಮಧುಮೇಹದ ಹೆಸರಿದೆ. ಎಪ್ಪತ್ತು ವರ್ಷ ಕಳೆದರೂ ಗೋಡೆಬರಹ ಅಳಿದಿಲ್ಲ.

ನನ್ನ ಅಮ್ಮ ಇಂಥವರ ಮಾತು ಕೇಳಿದಳು. ಪುಡಿಯೊಂದನ್ನು ಮಾರುವವನು ಮನೆಗೇ ಬಂದಿದ್ದ. ಅಮ್ಮ ಪಥ್ಯ ಮಾಡದವಳಲ್ಲ, ಬೇಕಾದ್ದಕ್ಕಿಂತ ಹೆಚ್ಚು ಮಾಡಿದಳು. ಮಾತ್ರೆ ಬಿಟ್ಟಳು, ಒಂದು ಹೊತ್ತು ಉಂಡಳು, ಬರಿಗಾಲಲ್ಲಿ ನಡೆದರೆ ನರಕ್ಕೆ ಒಳ್ಳೆಯದೆಂದು ಅಂಗಳದ ಜಲ್ಲಿಯ ಮೇಲೆ ನಡೆದಳು. ಪಾದಕ್ಕೆ ಸ್ಪರ್ಶವೇ ಉಳಿದಿರಲಿಲ್ಲವಾದ್ದರಿಂದ ಚುಚ್ಚಿದ ಕಲ್ಲು ಗೊತ್ತಾಗಲಿಲ್ಲ. ವಾಸನೆ ಬಂದ ಮೇಲೆ ನಮಗೆ ಗೊತ್ತಾಯಿತು. ಎರಡು ಬೆರಳು ತೆಗೆದರು. ಆಸ್ಪತ್ರೆಯಲ್ಲಿ ಅವಳು ನನ್ನನ್ನು ಕೇಳಿದ್ದು, "ನಾನು ಸರಿಯಾಗಿ ಮಾಡಲಿಲ್ಲವೇನೋ?" ಎಂದು. ಪುಡಿ ಮಾರಿದವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ನನಗೆ ಬಂದದ್ದು ಇನ್ನೂ ಇಳಿದಿಲ್ಲ.

ಮಾತ್ರೆ ಬಿಡಬಹುದಾದ ಸಂದರ್ಭಗಳು ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಾಯಿಲೆ ಬಂದು ಆರು ವರ್ಷ ದಾಟದ, ಇನ್ಸುಲಿನ್ ಚುಚ್ಚಿಕೊಳ್ಳದ ಜನರಿಗೆ ಮೂರರಿಂದ ಐದು ತಿಂಗಳು ತೀರಾ ಮಿತವಾದ ಆಹಾರ ಕೊಟ್ಟು ತೂಕ ಇಳಿಸಿದರು. ವರ್ಷದ ಕೊನೆಗೆ ಅವರಲ್ಲಿ ಶೇ. 46 ಜನ ಮಾತ್ರೆಯಿಲ್ಲದೆಯೇ ಹತೋಟಿಯಲ್ಲಿದ್ದರು. ಎರಡನೆಯ ವರ್ಷಕ್ಕೆ ಅದು ಶೇ. 36ಕ್ಕೆ ಇಳಿಯಿತು. ಅಲ್ಲಿ ಮಾತ್ರೆ ನಿಲ್ಲಿಸಿದ್ದು ವೈದ್ಯರ ಕಣ್ಣಳತೆಯಲ್ಲಿ, ತರಬೇತಾದ ನರ್ಸ್ ಅಥವಾ ಆಹಾರತಜ್ಞರ ಜೊತೆಯಲ್ಲಿ. ಇದನ್ನು ಕಾಯಿಲೆ ಸರಿದು ನಿಂತಿದೆ ಎನ್ನಬಹುದು, ಬುಡ ಕಿತ್ತಿತು ಎನ್ನಲಾಗದು. ತೂಕ ಮರಳಿದರೆ ಅದೂ ಮರಳುತ್ತದೆ.

ಇನ್ಸುಲಿನ್ ವಿಷ ಎನ್ನುವವರಿಗೆ ಒಂದು ಚರಿತ್ರೆ ನೆನಪಿಸಬೇಕು. ಟೊರೊಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಸಿಗುವ ಮೊದಲು ಜಗತ್ತಿನಲ್ಲಿ ಪಥ್ಯವೊಂದೇ ಚಿಕಿತ್ಸೆಯಾಗಿತ್ತು. ಅಮೆರಿಕದ ವೈದ್ಯ ಫ್ರೆಡರಿಕ್ ಅಲೆನ್ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು, ಕೆಲವು ವರ್ಷ ಹೆಚ್ಚು ಬದುಕಿಸುತ್ತಿದ್ದರು. ಎಲುಬಿನ ಗೂಡಾದ ಮಕ್ಕಳು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ಮೊದಲ ಬಗೆಯ ಸಕ್ಕರೆ ಕಾಯಿಲೆ ಇರುವ ಮಗುವಿನ ಇನ್ಸುಲಿನ್ ಬಿಡಿಸಿ ಕಷಾಯ ಕುಡಿಸುವವನು ಆ ಮಗುವನ್ನು 1921ರ ಹಿಂದಕ್ಕೆ ತಳ್ಳುತ್ತಾನೆ. ಅಲ್ಲಿಂದ ಮರಳಿ ಬಂದವರಿಲ್ಲ.

ನಮ್ಮ ಪ್ರಾಚೀನರು ಎಲ್ಲ ಹೇಳಿಬಿಟ್ಟಿದ್ದಾರೆ ಎನ್ನುವವರೂ ಸುಶ್ರುತ ಸಂಹಿತೆಯನ್ನು ಪೂರ್ತಿ ಓದಲಿ. ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಈ ಕಾಯಿಲೆಯನ್ನು ಎರಡಾಗಿ ವಿಂಗಡಿಸಿದ್ದು, ಕೃಶನಾದವನನ್ನು ಕಾಪಾಡಬೇಕೆಂದದ್ದು ನಿಜಕ್ಕೂ ದೊಡ್ಡ ತಿಳಿವು. ಆದರೆ ಅಲ್ಲಿಯೇ ಹಣವಂತನಿಗೆ ಸಾಮೆ, ಕಾಡುಭತ್ತಗಳ ಊಟ ಹೇಳಿದೆ. ಹಣವಿಲ್ಲದವನಿಗೆ ಹೇಳಿದ್ದು ಚಪ್ಪಲಿ ಇಲ್ಲದೆ, ಕೊಡೆ ಇಲ್ಲದೆ, ಭಿಕ್ಷೆ ಬೇಡುತ್ತಾ, ಊರಿಗೊಂದು ರಾತ್ರಿಯಂತೆ ನೂರು ಯೋಜನ ನಡೆ ಎಂದು. ಕಾಯಿಲೆ ಒಂದೇ, ಚೀಟಿ ಎರಡು. ಇವತ್ತಿನ ಕರಪತ್ರಕ್ಕೂ ಆ ಶ್ಲೋಕಕ್ಕೂ ನಡುವೆ ನಾವು ಎಷ್ಟು ದೂರ ಬಂದಿದ್ದೇವೆ, ನೀವೇ ಹೇಳಿ. ಮತ್ತು ಸ್ಪರ್ಶ ಕಳೆದುಕೊಂಡ ಪಾದಕ್ಕೆ ಚಪ್ಪಲಿ ಬೇಕೇ ಬೇಕು ಎಂಬುದು ಇವತ್ತಿನ ತಿಳಿವಳಿಕೆ. ನನ್ನ ಅಮ್ಮನ ಬೆರಳುಗಳು ಅದಕ್ಕೆ ಸಾಕ್ಷಿ.

ಹಾಗಾದರೆ ಕೇಳಬೇಕಾದದ್ದೇನು? ಪಥ್ಯ, ನಡಿಗೆಗಳನ್ನು ಮದ್ದೆಂದು ಒಪ್ಪಿದರೆ ಅವುಗಳನ್ನು ಮದ್ದಿನಂತೆಯೇ ಒದಗಿಸಬೇಕು. ಅಸಾಂಕ್ರಾಮಿಕ ರೋಗಗಳಿಗೆಂದು ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲೇ ಶುರುವಾಗಿದೆ. ಬೆರಳು ಚುಚ್ಚಿ ಲೆಕ್ಕ ಬರೆಯುವುದರಲ್ಲಿ ಅದು ಮುಗಿಯಬಾರದು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಊಟದ ಬಗ್ಗೆ ಎದುರು ಕುಳಿತು ಮಾತಾಡುವ ಒಬ್ಬರು ಸಂಬಳದ ಮೇಲೆ ಇರಬೇಕು. ಈ ಹೊರೆಯನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಪುಕ್ಕಟೆಯಾಗಿ ಹಾಕುವುದು ಬೇಡ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ತಾಲೂಕು ಮಟ್ಟದಲ್ಲಿ ಬಿಟ್ಟಿಯಾಗಿ ಸಿಗಬೇಕು. ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ, ಪಾದಗಳನ್ನು ನೋಡಬೇಕು. ಪಡಿತರಕ್ಕೆ ಕಾಳು ಬರಬೇಕು. ಬೀಡಿ ಮಾಲೀಕರು ಕೂತು ದುಡಿಯುವವರ ತಪಾಸಣೆಯ ಖರ್ಚು ಹೊರಬೇಕು. ಸಾರ್ವಜನಿಕ ಮೈದಾನಗಳಲ್ಲಿ ದಿನಕ್ಕೆ ಒಂದು ಗಂಟೆ, ದೀಪ ಹಾಕಿ, ಹೆಂಗಸರಿಗೆಂದು ಬಿಡಬೇಕು. 

ಕೊನೆಯದಾಗಿ ನಮ್ಮೂರ ಸುದ್ದಿ. ಆ ಶಿಬಿರ ನಡೆದ ಶಾಲೆಗೆ ಒಳ್ಳೆಯ ಮೈದಾನವಿದೆ. ಸಂಜೆ ಐದಕ್ಕೆ ಗೇಟಿಗೆ ಬೀಗ. ಓಣಿಯ ಹದಿನಾಲ್ಕು ಹೆಂಗಸರು ಸಹಿ ಹಾಕಿ, ಸಂಜೆ ಒಂದು ಗಂಟೆ ಗೇಟು ತೆರೆದಿಡಿ ಎಂದು ಅರ್ಜಿ ಕೊಟ್ಟರು. ಮೊದಲ ಸಹಿ ಆ ಬೀಡಿಯ ಅಕ್ಕನದ್ದು. ಅರ್ಜಿಯನ್ನು ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದು ಸಮಿತಿಯವರು ಹೇಳಿದ್ದಾರೆ. ಮುಂದಿನ ಸಭೆ ಮೂರು ಸಲ ಮುಂದಕ್ಕೆ ಹೋಗಿದೆ. ಅಷ್ಟರ ತನಕ ಅವಳು ಉಂಡ ಮೇಲೆ ತನ್ನ ಅಂಗಳದಲ್ಲೇ, ಚಪ್ಪಲಿ ಹಾಕಿಕೊಂಡು, ಬಾವಿಕಟ್ಟೆಯಿಂದ ಬೇಲಿಯವರೆಗೆ ಹೋಗಿ ಬರುತ್ತಾಳೆ. ಒಂದು ಬದಿಗೆ ಇಪ್ಪತ್ತೆರಡು ಹೆಜ್ಜೆ. ಎಣಿಸಿದ್ದು ಅವಳೇ. ಮುಂದಿನ ನವೆಂಬರ್ 14ಕ್ಕೆ ಅದೇ ಸಭಾಂಗಣದಲ್ಲಿ ಮತ್ತೆ ಶಿಬಿರ ನಡೆದೀತು. ಕರಪತ್ರ ಹಂಚುವವರು ಈ ಸಲ ಗೇಟಿನ ಬೀಗದ ಕೈಯನ್ನೂ ಜೊತೆಗೆ ತರಲಿ.